ಸ್ಕ್ರೂ ಮುಟ್ಟುವ ಮೊದಲು: ಸಕಿಯಾಸಿ ಕಪ್ಪಿಕ್ ಅವರ ಮೂವತ್ತೊಂದು ಚಳಿಗಾಲಗಳು

ಎರಡು ಸ್ಟ್ರೋಕಿನ ಇಂಜಿನ್ನಿನ ವಿದ್ಯೆಯಲ್ಲಿ ಆರ್ಕ್ಟಿಕ್ ಕಡಲಂಚಿನ ನಮ್ಮ ಊರುಗಳಿಗೆಲ್ಲ ಗುರುಸ್ಥಾನದಲ್ಲಿರುವ ಮಾನ್ಯ ಸಕಿಯಾಸಿ ಕಪ್ಪಿಕ್ ಅವರು ಸಿಯುರಾಲಿಕ್ ಶಾಲೆಯ ಯಂತ್ರಶಾಲೆಯಲ್ಲಿ ಮೂವತ್ತೊಂದು ವರ್ಷಗಳ ಸೇವೆ ಸಲ್ಲಿಸಿ ಈ ಜೂನ್ ತಿಂಗಳಲ್ಲಿ ನಿವೃತ್ತರಾಗುತ್ತಿದ್ದಾರೆ. ಹಿಮಬಂಡಿಯನ್ನು, ಅಂದರೆ ಸ್ನೋಮೊಬೈಲನ್ನು, ಗಾಳಿಗಿಂತ ಜೋರಾಗಿ ಓಡಿಸಬಲ್ಲವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ, ಅವರಲ್ಲಿ ಅರ್ಧ ಮಂದಿ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುತ್ತಲೂ ಇದ್ದಾರೆ. ಆದರೆ ಆಕ್ಸಿಲರೇಟರ್ ಬಿಟ್ಟ ಮೇಲೆ, ನಿಂತಲ್ಲೇ ನಿಂತು ಗುರುಗುಟ್ಟುವ ಬಂಡಿ ಏನು ಹೇಳುತ್ತಿದೆ ಎಂಬುದನ್ನು ಕಿವಿಯಿಂದಲೇ ಅರಿಯಬಲ್ಲವರನ್ನು ಹುಡುಕಿದರೆ ಸಿಗುವುದು ಇವರೊಬ್ಬರ ಹೆಸರೇ.

ಸಾವಿರದ ಒಂಬೈನೂರ ತೊಂಬತ್ತಮೂರರಲ್ಲಿ ಅವರು ಕೆಲಸಕ್ಕೆ ಸೇರಿದಾಗ ಯಂತ್ರಶಾಲೆಯೆಂಬುದು ಹಳೆಯ ಎಣ್ಣೆ ಉಗ್ರಾಣದ ಒಂದು ಮೂಲೆಯಷ್ಟೇ ಆಗಿತ್ತು. ಪಾಠದ ಮೊದಲ ಹತ್ತು ನಿಮಿಷ ಯಾರೂ ಸ್ಪಾನರ್ ಮುಟ್ಟುವಂತಿರಲಿಲ್ಲ. ಕೈಗವಸು ತೊಟ್ಟು, ಚಹಾ ಕುಡಿಯುತ್ತ, ಐಡ್ಲಿಂಗ್, ಅಂದರೆ ಬಂಡಿ ನಿಂತಲ್ಲೇ ಗುರುಗುಟ್ಟುವ ಸದ್ದು, ಕೇಳಬೇಕು. ಸದ್ದು ಇಳಿಯುತ್ತ ಇಳಿಯುತ್ತ ಸತ್ತೇಹೋದರೆ, ಬೇಸಿಗೆಯಿಡೀ ಟ್ಯಾಂಕಿನಲ್ಲಿ ಕೊಳೆತ ಪೆಟ್ರೋಲು ಕಾರ್ಬುರೇಟರಿನ ಜೆಟ್ಟನ್ನು, ಪೆಟ್ರೋಲು ಹಾಯುವ ಆ ಸಣ್ಣ ತೂತನ್ನು, ಮುಚ್ಚಿಹಾಕಿದೆ ಎಂದು ತಿಳಿಯಬೇಕು. ಕೈ ಬಿಟ್ಟರೂ ಸದ್ದು ಇಳಿಯದೆ ಮೇಲೆಯೇ ನೇತಾಡುತ್ತಿದ್ದರೆ, ಎಲ್ಲೋ ಬಿರುಕಿನಿಂದ ಗಾಳಿ ಕದ್ದು ಒಳನುಗ್ಗುತ್ತಿದೆ ಎಂದು ಹೆದರಬೇಕು. ಹೆದರಬೇಕು ಎಂಬ ಮಾತು ಅವರದೇ. ಗಾಳಿ ಹೆಚ್ಚಾಗಿ ಪೆಟ್ರೋಲು ಕಡಿಮೆಯಾದರೆ ಅದರೊಡನೆ ಬರುವ ಎಣ್ಣೆಯೂ ಕಡಿಮೆಯಾಗುತ್ತದೆ, ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಆ ಬಂಡಿ ಹಿಮದ ಮೇಲೆ ಬಿದ್ದ ಕಬ್ಬಿಣವಷ್ಟೇ. ಐಡ್ಲಿಂಗ್ ಏರಿಸುವ ಪುಟ್ಟ ಸ್ಕ್ರೂ ಕಾರ್ಬುರೇಟರಿನ ಪಕ್ಕದಲ್ಲೇ ಕೈಗೆ ಸಿಗುವಂತಿರುತ್ತದೆ. ಅದನ್ನು ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ ಮುಟ್ಟಬೇಕು. ಈ ನಿಯಮವನ್ನು ಅವರು ಅದೆಷ್ಟು ಸಲ ಹೇಳಿದರೆಂದರೆ, ಊರಿನ ಮಕ್ಕಳು ಊಟಕ್ಕೆ ಮೊದಲು ಸಿಹಿ ತಿಂದರೆ ತಾಯಂದಿರು "ಸ್ಕ್ರೂ ಮೊದ್ಲು ಮುಟ್ಬೇಡ" ಎಂದು ಗದರುವುದು ರೂಢಿಯಾಯಿತು.

ಅವರ ಶಿಷ್ಯವರ್ಗದಲ್ಲಿ ಉಲಯುಕ್ ಎಂಬಾಕೆಯನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ತಾಯಿ ತೀರಿಕೊಂಡ ವರ್ಷ ಆಕೆ ಶಾಲೆ ಬಿಟ್ಟು ಮನೆಯಲ್ಲಿ ಕುಳಿತಿದ್ದಳು. ಸಕಿಯಾಸಿಯವರು ಪ್ರತಿದಿನ ಬೆಳಿಗ್ಗೆ ತಮ್ಮ ಬಂಡಿಯನ್ನು ಅವಳ ಬಾಗಿಲಿಗೆ ತಂದು, ಐಡ್ಲಿಂಗಿನಲ್ಲಿ ಬಿಟ್ಟು, ಒಳಗೆ ಕಾಲಿಡದೆ ನಿಂತಿರುತ್ತಿದ್ದರು. ಶಾಲೆಗೆ ಕರೆಯಲು ಬಂದಿಲ್ಲ, ಈ ಸದ್ದು ತನಗೆ ಅರ್ಥವಾಗುತ್ತಿಲ್ಲ, ಕೇಳಿ ಹೇಳುವವರು ಬೇಕಾಗಿತ್ತು, ಅಷ್ಟೇ ಎನ್ನುತ್ತಿದ್ದರು. ಆರನೆಯ ದಿನ ಅವಳು ರೇಗಿಕೊಂಡು ಹೊರಬಂದು, ಜೆಟ್ ಕಟ್ಟಿದೆ, ನಿಮಗೆ ಕಿವಿ ಕೇಳಿಸುವುದಿಲ್ಲವೇ ಎಂದಳಂತೆ. ಅಂದೇ ಅವಳನ್ನು ಯಂತ್ರಶಾಲೆಗೆ ಕರೆತಂದು ಕೂರಿಸಿದರು. ಚಳಿಗೆ ಅವಳ ಬೆರಳು ಒಡೆಯುವುದನ್ನು ಕಂಡು ತಮ್ಮ ಪತ್ನಿಯಿಂದ ಬೆರಳತುದಿಯಿಲ್ಲದ, ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಕೈಗವಸು ಹೊಲಿಸಿಕೊಟ್ಟರು. ಹತ್ತು ವರ್ಷದ ಬಳಿಕ ಅವಳು ಅದೇ ಯಂತ್ರಶಾಲೆಯಲ್ಲಿ ಅವರ ಸಹಾಯಕಿಯಾದಳು.

ಎರಡು ಸಾವಿರದ ಹದಿನಾಲ್ಕರ ಮಾರ್ಚಿನ ಒಂದು ಮಧ್ಯಾಹ್ನವನ್ನು ಬಿಟ್ಟು ಅವರ ಸೇವೆಯ ಬಗ್ಗೆ ಬರೆಯುವುದು ಸಾಧ್ಯವಿಲ್ಲ. ಅಂದು ಬೆಳಿಗ್ಗೆ ಉಲಯುಕ್‌ಳ ಗಂಡ ಮೊಸೆಸಿ, ಗಟ್ಟಿ ಹಿಮ ಮುಗಿದು ತೆರೆದ ನೀರು ಶುರುವಾಗುವ ಅಂಚಿಗೆ ಸೀಲ್ ಬೇಟೆಗೆ ಹೊರಟಿದ್ದ. ಬಂಡಿ ಐಡ್ಲಿಂಗಿನಲ್ಲಿ ನಿಲ್ಲದೆ ಸಾಯುತ್ತಿತ್ತು. ಅವನಿಗೆ ಅವಸರ, ಅವಳಿಗೆ ಶಾಲೆಯ ಹೊತ್ತು. ಅವಳು ಬಗ್ಗಿ ಸ್ಕ್ರೂವನ್ನು ಒಂದೂವರೆ ಸುತ್ತು ತಿರುಗಿಸಿದಳು. ಬಂಡಿ ಸಾಯದೆ ಗುರುಗುಟ್ಟಿತು, ಹೊರಟೂ ಹೋಯಿತು.

ಮಧ್ಯಾಹ್ನ ಎರಡು ಗಂಟೆಗೆ ಯಂತ್ರಶಾಲೆಯ ಮೂಲೆಯ ರೇಡಿಯೊದಲ್ಲಿ ಮೊಸೆಸಿಯ ದನಿ ಬಂತು. ಊರಿನಿಂದ ಐವತ್ತು ಕಿಲೋಮೀಟರ್ ಆಚೆ, ಬಂಡಿ ಕೈ ಬಿಟ್ಟರೂ ನಿಲ್ಲುತ್ತಿಲ್ಲ, ಎರಡು ಸಲ ತಾನಾಗಿಯೇ ನೀರಿನ ಕಡೆ ಓಡಲು ನೋಡಿತು, ಸ್ವಿಚ್ ಆರಿಸಿ ನಿಲ್ಲಿಸಿದ್ದೇನೆ ಎಂದ. ನೆಲದ ಕಡೆಯಿಂದ ಗಾಳಿ ಎದ್ದಿದೆ ಎಂದೂ ಹೇಳಿದ. ಕೋಣೆಯಲ್ಲಿದ್ದದ್ದು ಸಕಿಯಾಸಿಯವರು ಮತ್ತು ಉಲಯುಕ್ ಇಬ್ಬರೇ. ಆ ಗಾಳಿ ಬಲವಾದರೆ ಅಂಚಿನ ಹಿಮ ಮುರಿದು, ಮೇಲಿರುವ ಮನುಷ್ಯನ ಸಮೇತ ಕಡಲಿಗೆ ತೇಲಿಹೋಗುತ್ತದೆ. ಹುಡುಕಲು ಊರಿನಿಂದ ಬೇರೆ ಇಬ್ಬರು ಹೊರಟರು, ಆದರೆ ಅವರು ತಲುಪುವುದಕ್ಕೆ ಎರಡೂವರೆ ಗಂಟೆಯಾದರೂ ಬೇಕಿತ್ತು. ಉಲಯುಕ್‌ಳಿಗೆ ಸ್ಕ್ರೂ ತಿರುಗಿಸಿದವಳು ತಾನೇ ಎಂದು ಹೇಳಲು ನಾಲಿಗೆ ಏಳಲಿಲ್ಲ. ಗೋಡೆಯ ಮೇಲಿನ ನಕ್ಷೆಯನ್ನೂ ನೋಡಲಾಗದೆ ಮೈಕಿನ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

ಸಕಿಯಾಸಿಯವರು ಕುರ್ಚಿ ಎಳೆದು ಕೂತು, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲೇ ಕೇಳತೊಡಗಿದರು. ಇಂಜಿನ್ ಹಚ್ಚಿ, ಒಳಬರುವ ಗಾಳಿಯನ್ನು ತಗ್ಗಿಸುವ ಚೋಕ್ ಸ್ವಲ್ಪ ಎಳೆಯಲು ಹೇಳಿದರು. ಎಳೆದರೆ ಸದ್ದು ತಗ್ಗುತ್ತದೆ ಎಂದ ಮೊಸೆಸಿ. ಹಾಗಾದರೆ ಗಾಳಿ ಕದ್ದು ಬರುತ್ತಿರುವುದೇ ಸರಿ. ಕಾರ್ಬುರೇಟರಿಗೂ ಇಂಜಿನ್ನಿಗೂ ನಡುವೆ ಇರುವ ರಬ್ಬರ್ ಕೊಳವೆಯ ಅಡಿಭಾಗವನ್ನು ಬೆರಳಿಂದ ಒತ್ತಿ ನೋಡು, ಸದ್ದು ಬದಲಾಗುತ್ತದೆಯೇ ಎಂದು ಕೇಳಿದರು.

ರೇಡಿಯೊ ಸುಮ್ಮನಿತ್ತು.

ಮತ್ತೊಮ್ಮೆ ಕೇಳಿದರು. ಆಗಲೂ ಸುಮ್ಮನಿತ್ತು. ಬರೀ ಗಾಳಿಯ ಸಿಳ್ಳು. ಉಲಯುಕ್‌ಳ ಕಣ್ಣೆದುರು ಹಿಮ ಸೀಳಿತು, ಕಪ್ಪು ನೀರು ಬಾಯಿ ತೆರೆಯಿತು. ಸಕಿಯಾಸಿಯವರು ಮತ್ತೆ ಮೈಕ್ ಒತ್ತಿದರು.

"ಮೊಸೆಸಿ, ಹುಬ್ಬು ಎತ್ತುತ್ತಾ ಇದೀಯೇನೋ?"

ಉತ್ತರ ಬಂತು. "ಹೂಂ. ಎರಡ್ ಸಲ ಎತ್ತಿದೆ."

ಹೌದೆನ್ನಲು ಹುಬ್ಬೆತ್ತುವುದು, ಇಲ್ಲವೆನ್ನಲು ಮೂಗು ಸುಕ್ಕುಗಟ್ಟಿಸುವುದು ನಮಗೆ ತಾಯ ಮಡಿಲಲ್ಲೇ ಬಂದ ಮಾತು. ಆದರೆ ಐವತ್ತು ಕಿಲೋಮೀಟರ್ ಆಚೆ, ಮುಖಗವಸಿನ ಒಳಗೆ, ರೇಡಿಯೊಗೆ ಹುಬ್ಬೆತ್ತಿ ಹೆಂಡತಿಯ ಜೀವ ಬಾಯಿಗೆ ತಂದವನು ಇವನೊಬ್ಬನೇ ಇರಬೇಕು. "ಆ ಹುಬ್ಬು ಮನೆಗ್ ಬಂದು ನಿನ್ ಹೆಂಡ್ತಿಗೆ ತೋರ್ಸು. ನನಗೆ ಬಾಯಿ ಬಿಟ್ ಹೇಳು," ಎಂದರು ಸಕಿಯಾಸಿಯವರು. ಅಳುವಿನ ನಡುವೆಯೇ ಉಲಯುಕ್‌ಳಿಗೆ ನಗು ಬಂತು, ನಗುವಿನ ಹಿಂದೆಯೇ ಮಾತೂ ಬಂತು. ಎಲ್ಲವನ್ನೂ ಅವರ ಮುಂದೆ ಹೇಳಿಬಿಟ್ಟಳು. ಅವರು ಬೈಯಲಿಲ್ಲ. ಮೈಕನ್ನು ಅವಳ ಕೈಗೆ ಕೊಟ್ಟರು.

ಕೈಗವಸಿನ ಅಂಚಿನಿಂದ ಸೀಲ್ ಚರ್ಮದ ಒಂದು ಪಟ್ಟಿ ಕತ್ತರಿಸಿ, ಫ್ಲಾಸ್ಕಿನ ಚಹಾದಲ್ಲಿ ನೆನೆಸಿ, ರಬ್ಬರ್ ಕೊಳವೆಯ ಬಿರುಕಿನ ಸುತ್ತ ಬಿಗಿಯಾಗಿ ಸುತ್ತಿ, ಮೀನಿನ ಗಾಳದ ದಾರದಿಂದ ಕಟ್ಟಿ, ಹೆಪ್ಪುಗಟ್ಟುವವರೆಗೆ ಕಾಯಲು ಅವಳು ಹೇಳಿಕೊಟ್ಟಳು. ಒಂದು ಹೆಜ್ಜೆಯೂ ತಪ್ಪಲಿಲ್ಲ. ಕೊನೆಗೆ ಹೇಳಿದಳು. "ಐಡ್ಲಿಂಗ್ ಸ್ಕ್ರೂ ಒಂದೂವರೆ ಸುತ್ತು ಹಿಂದಕ್ಕೆ ತಿರುಗ್ಸು. ಬೆಳಿಗ್ಗೆ ತಿರುಗ್ಸಿದ್ದು ನಾನೇ. ರಬ್ಬರಿನ ಸಣ್ಣ ಬಿರುಕಿಗೂ ಬಂಡಿ ಸಾಯುತ್ತೆ, ಅದನ್ ನೋಡ್ಲೇ ಇಲ್ಲ."

"ಜಗಳ ಮನೇಲ್ ಆಡೋಣ. ಈಗ ಹೊರಟೆ," ಎಂದ ಮೊಸೆಸಿ.

ಅಲ್ಲಿಂದ ಮುಂದೆ ದಾರಿ ಗುಡ್ಡದ ಹಿಂದೆ ಹೋಗುತ್ತದೆ, ರೇಡಿಯೊ ಮುಟ್ಟುವುದಿಲ್ಲ. ಆ ಎರಡೂವರೆ ಗಂಟೆ ಇಬ್ಬರೂ ಕದಲದೆ ಕೂತಿದ್ದರು. ಆಗಲೇ ಸಕಿಯಾಸಿಯವರು ತಾವು ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಹೇಳಿದರು. ಅವರ ಅನುಮತಿ ಪಡೆದೇ ಅದನ್ನಿಲ್ಲಿ ಬರೆಯುತ್ತಿದ್ದೇವೆ. ಕೆಲಸಕ್ಕೆ ಸೇರುವ ಎರಡು ವರ್ಷ ಮೊದಲು ಅವರ ತಮ್ಮ ಇದೇ ಅಂಚಿನಿಂದ ರೇಡಿಯೊದಲ್ಲಿ ಮಾತಾಡಿದ್ದ, ಬಂಡಿ ಐಡ್ಲಿಂಗಿನಲ್ಲಿ ಸಾಯುತ್ತಿದೆ ಎಂದಿದ್ದ.

"ಸ್ಕ್ರೂ ಏರ್ಸ್ಕೊಂಡು ಬಾ ಅಂತ ಹೇಳಿದ್ದು ನಾನೇ ಕಣಮ್ಮ. ಬೇರೆ ಏನೂ ಕೇಳ್ಲಿಲ್ಲ. ಚಹಾ ಆರ್ತಾ ಇತ್ತು."

ಬಂಡಿ ಸಿಕ್ಕಿತು, ಪಿಸ್ಟನ್ ಕಚ್ಚಿಕೊಂಡಿತ್ತು. ತಮ್ಮ ಸಿಗಲಿಲ್ಲ. ಮೂವತ್ತೊಂದು ವರ್ಷ ನಾವು ಶಿಸ್ತೆಂದು ಹೊಗಳಿದ್ದು, ಮಕ್ಕಳು ತಮಾಷೆ ಮಾಡಿದ್ದು, ಅದರ ಬೇರು ಅಲ್ಲಿತ್ತು. ಅವರು ಕಲಿಸಿದ್ದು ಇಂಜಿನ್ ವಿದ್ಯೆಯನ್ನಲ್ಲ, ತಮ್ಮ ಹೆದರಿಕೆಯನ್ನೇ ಒಂದು ಕ್ರಮಕ್ಕೆ ತಂದು ನಮ್ಮ ಕೈಗಿಟ್ಟಿದ್ದಾರೆ ಎಂದು ಉಲಯುಕ್‌ಳಿಗೆ ಅಂದು ತಿಳಿಯಿತು.

ಬೆಳಕು ಇಳಿಯುವ ಮುನ್ನ ಕೊಲ್ಲಿಯ ಕಡೆಯಿಂದ ಸದ್ದು ಕೇಳಿತು. ಉಲಯುಕ್ ಟೋಪಿ ಕೂಡ ಹಾಕಿಕೊಳ್ಳದೆ ಓಡಿದಳು. ತಿರುಗಿ ನೋಡಿದರೆ ಮೇಷ್ಟ್ರು ಕುರ್ಚಿಯಲ್ಲೇ ಇದ್ದರು. ಹೊರಗೆ ಬಂಡಿ ನಿಂತು, ಐಡ್ಲಿಂಗಿನಲ್ಲಿ ಹದವಾಗಿ ಉಸಿರಾಡುತ್ತಿದ್ದುದನ್ನು ಅವರು ಅಲ್ಲೇ ಕೂತು ಕೇಳಿದರು. ಮರುದಿನ ನೋಡಿದವರು ಹೇಳಿದಂತೆ, ಮೊಸೆಸಿ ನಿಂತಿದ್ದ ಜಾಗದಲ್ಲಿ ನೀರಿತ್ತು.

ಆ ಬಳಿಕ ಹತ್ತು ವರ್ಷ ಅವರು ಅದೇ ಕುರ್ಚಿಯಲ್ಲಿ ಕೂತು ಇನ್ನೆಷ್ಟೋ ಮಂದಿಯನ್ನು ಮನೆಗೆ ತಂದಿದ್ದಾರೆ. ಯಾರ ತಪ್ಪನ್ನೂ ಊರಿನಲ್ಲಿ ಆಡಿಕೊಂಡವರಲ್ಲ. ಮುಂದಿನ ಆಗಸ್ಟಿನಿಂದ ಯಂತ್ರಶಾಲೆಯ ಹೊಣೆ ಉಲಯುಕ್‌ಳದು, ರೇಡಿಯೊದ ಹೊಣೆಯೂ ಅವಳದೇ. ನಿವೃತ್ತರಿಗೆ ನೆಮ್ಮದಿಯ ವಿಶ್ರಾಂತಿ ದೊರೆಯಲಿ ಎಂದು ಹಾರೈಸುವುದು ಇಂಥ ಅಭಿನಂದನ ಸಂಪುಟಗಳ ಶಿಷ್ಟಾಚಾರ. ನಾವೂ ಹಾಗೇ ಬರೆದಿದ್ದೆವು. ಕರಡು ಓದಿದ ಉಲಯುಕ್ ಆ ಸಾಲನ್ನು ಹೊಡೆದುಹಾಕಿ ನೇರವಾಗಿ ಮೇಷ್ಟ್ರ ಮನೆಗೆ ಹೋದಳು. ಅವರು ಅಡಿಗೆಮನೆಯಲ್ಲಿ ಕ್ಯಾರಿಬೂ ಜಿಂಕೆಯ ಮಾಂಸ ಹೆಚ್ಚುತ್ತಿದ್ದರು.

"ಹಿಮ ಗಟ್ಟಿಯಾದ್ಮೇಲೆ ನೀವು ಊರ್ ಬಿಟ್ಟು ಎಲ್ಲೂ ಹೋಗ್ಬೇಡಿ ಮೇಷ್ಟ್ರೇ. ಆ ಕುರ್ಚೀಲಿ ಒಬ್ಳೇ ಕೂರೋಕೆ ನನಗೆ ಭಯ," ಎಂದಳು.

"ಮನೇಲಿ ಕೂತು, ಯಾರು ಹೊರಟ್ರು, ಯಾರು ಬಂದ್ರು ಅಂತ ಗೊತ್ತಾಗ್ದೆ ಇರೋಕೆ ನನಗೂ ಭಯ ಕಣಮ್ಮ," ಎಂದರಂತೆ ಅವರು.

ಆದಕಾರಣ ಮಾನ್ಯ ಸಕಿಯಾಸಿ ಕಪ್ಪಿಕ್ ಅವರಿಗೆ ಈ ಸಂಪುಟದ ಮೂಲಕ ನಾವು ವಿಶ್ರಾಂತಿಯನ್ನು ಕೋರುತ್ತಿಲ್ಲ. ನೂರು ಚಳಿಗಾಲ ಕಾಣುವ ಆಯುಸ್ಸನ್ನು, ಇಂದಿನಷ್ಟೇ ಚುರುಕಾದ ಕಿವಿಯನ್ನು ಕೋರುತ್ತೇವೆ. ಯಂತ್ರಶಾಲೆಯ ರೇಡಿಯೊದ ಮುಂದೆ ಎರಡನೆಯ ಕುರ್ಚಿಯನ್ನು ನಿನ್ನೆಯೇ ಹಾಕಿದ್ದೇವೆ.