ನನ್ನ ಕಾಲಿನ ಗೆರೆ, ಅಕ್ಕನ ಕಾಲಿನ ನರ

ನನಗಿಲ್ಲದ ಕಾಯಿಲೆಗೆ ನಾನು ಮೂರು ತಿಂಗಳು ಚಿಕಿತ್ಸೆ ಪಡೆದಿದ್ದೇನೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಎಂಬತ್ತರ ಹತ್ತಿರ ಬಂದಿದ್ದೇನೆ. ಮರ್ಯಾದೆ ಹೋದರೂ ಬಹಳ ದೂರ ಹೋಗಲಾರದು ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ಕಾಯಿಲೆ ಇದೆ ಎಂದು ನಾನು ತಿಳಿದದ್ದು ಎಡಗಾಲಿನಲ್ಲಿ, ಮಂಡಿಯ ಹಿಂಭಾಗದಲ್ಲಿ. ನಿಜಾಮರ ರಾಜ್ಯದ ಮೇಲೆ ಭಾರತದ ಫೌಜು ಬಂದು ಪೊಲೀಸ್ ಆಕ್ಷನ್ ಆದ ವರ್ಷ ಅದು. ಮಳೆಗಾಲ ಇನ್ನೂ ಶುರುವಾಗಿರಲಿಲ್ಲ. ಬಚ್ಚಲಲ್ಲಿ ಮೈ ಉಜ್ಜಿಕೊಳ್ಳುವಾಗ ಅಲ್ಲೇನೋ ತುರಿಸಿದಂತಾಯಿತು. ಮನುಷ್ಯನಿಗೆ ತನ್ನ ಮಂಡಿಯ ಹಿಂಭಾಗ ಸುಲಭವಾಗಿ ಕಾಣುವುದಿಲ್ಲ. ಒಂಟಿಕಾಲಲ್ಲಿ ನಿಂತು, ಗೋಡೆ ಹಿಡಿದು, ಗಡ್ಡ ಹೆರೆಯುವ ಕನ್ನಡಿಯನ್ನು ಹಿಂದೆ ಹಿಡಿದು ನೋಡಿದೆ. ಕೆಂಪು, ನೀಲಿ ಎಳೆಗಳು ದಾರದ ತುಂಡು ಚೆಲ್ಲಿದಂತೆ ಹರಡಿದ್ದವು. ನರ ಮೇಲೆ ಬಂತೆಂದರೆ ರಕ್ತ ಕೆಟ್ಟಿದೆ, ಕೆಟ್ಟ ರಕ್ತ ಎದೆಗೆ ಏರುತ್ತದೆ ಎಂದು ಕಚೇರಿಯಲ್ಲಿ ಯಾರೋ ಹೇಳಿದ್ದು ನೆನಪಾಯಿತು.

ನಮ್ಮ ಭಾಷೆಯಲ್ಲಿ ಈ ‘ನರ’ ಎನ್ನುವ ಮಾತೇ ಹೆದರಿಸುವಂಥದ್ದು. ರಕ್ತ ಹರಿಯುವುದಕ್ಕೂ ನರ, ನೋವು ಹರಿಯುವುದಕ್ಕೂ ನರ, ಕತ್ತು ಹಿಡಿದುಕೊಂಡರೂ ನರ. ಸಂಸ್ಕೃತ ಓದಿದವರನ್ನು ಕೇಳಿದರೆ ಮನುಷ್ಯನೇ ನರ. ವೈದ್ಯರ ಹಳೆಯ ಗ್ರಂಥಗಳಲ್ಲಿ ಸಿರೆ, ಧಮನಿ, ಸ್ನಾಯು ಎಂದು ಬೇರೆ ಬೇರೆ ಹೆಸರುಗಳಿವೆಯಂತೆ. ನಾನು ಕಲಿತದ್ದು ಉರ್ದು ಶಾಲೆಯಲ್ಲಿ. ಅಲ್ಲಿ ಅದು ರಗ್. ಹೆಸರು ಯಾವುದಾದರೇನು, ನನ್ನದು ಕೆಟ್ಟಿತ್ತು ಎಂದು ನಾನು ತೀರ್ಮಾನಿಸಿಯಾಗಿತ್ತು.

ಆಗ ನಾನು ಕಲಬುರ್ಗಿಯ ಒಂದು ಕಚೇರಿಯಲ್ಲಿ ಕಾರಕೂನ. ಇದ್ದದ್ದು ನನ್ನ ಅಕ್ಕ ಶರಣಮ್ಮನ ಜೊತೆ. ಅಕ್ಕ ನನಗಿಂತ ಹದಿನಾಲ್ಕು ವರ್ಷ ದೊಡ್ಡವಳು. ನಮ್ಮ ಊರು ಕಮಲಾಪುರ; ಅಲ್ಲಿ ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ಗಂಡ ಹೋದ ಮೇಲೆ ಕಲಬುರ್ಗಿಗೆ ಬಂದು ಚೌಕದ ಹತ್ತಿರ ಎರಡು ಕೋಣೆ ಹಿಡಿದು ಖಾನಾವಳಿ ಇಟ್ಟಿದ್ದಳು. ಎರಡು ಹೊತ್ತು ಇಪ್ಪತ್ತೈದು ಮೂವತ್ತು ಮಂದಿ ಉಣ್ಣುತ್ತಿದ್ದರು. ರೊಟ್ಟಿ ಬಡಿಯಲು ಇನ್ನೊಬ್ಬಾಕೆ ಇದ್ದಳು. ನೀರು ಹೊರುವುದು, ಪಲ್ಯ ಮಾಡುವುದು, ಸಾಲಿನುದ್ದಕ್ಕೂ ಬಡಿಸುತ್ತ ತಿರುಗುವುದು ಅಕ್ಕನ ಪಾಲು. ಅವಳು ಕುಳಿತದ್ದನ್ನು ನಾನು ನೋಡಿದ ನೆನಪು ಕಡಿಮೆ.

ನಾನೂ ಕೂರುತ್ತಿರಲಿಲ್ಲ; ನನ್ನ ಕಾರಣ ಬೇರೆ. ಆ ತಿಂಗಳುಗಳಲ್ಲಿ ಕಲಬುರ್ಗಿಯಲ್ಲಿ ಯಾರಿಗೂ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ದಿನಕ್ಕೊಂದು ಸುದ್ದಿ. ಇವತ್ತು ಆ ಊರು ಸುಟ್ಟರಂತೆ, ನಾಳೆ ಫೌಜು ಬರುತ್ತದಂತೆ. ರೈಲು ಸ್ಟೇಷನ್ನಿಗೆ ಸುಮ್ಮನೆ ಹೋಗಿ ಬರುವವರು, ಅಂಗಡಿ ಅರ್ಧ ಬಾಗಿಲು ತೆರೆದು ಬೀದಿ ನೋಡುವವರು. ನಾನಂತೂ ಕೋಣೆಯಲ್ಲಿ ಶತಪಥ ಹಾಕುತ್ತಿದ್ದೆ. ದೊಡ್ಡ ಭಯವನ್ನು ಎಲ್ಲಿಡಬೇಕೋ ತಿಳಿಯದೆ ಅದನ್ನು ನಾನು ಮಂಡಿಯ ಹಿಂದೆ ಇಟ್ಟುಕೊಂಡಿದ್ದೆ ಎಂದು ಈಗ ಅನ್ನಿಸುತ್ತದೆ.

ಮೊದಲ ಚಿಕಿತ್ಸೆ ನನ್ನದೇ. ಹಳೆಯ ಧೋತರ ಹರಿದು ಪಾದದಿಂದ ತೊಡೆಯವರೆಗೆ ಬಿಗಿಯಾಗಿ ಸುತ್ತಿಕೊಂಡು ಕಚೇರಿಗೆ ಹೋದೆ. ಮಧ್ಯಾಹ್ನ ದೊಡ್ಡ ಸಾಹೇಬರು ಒಳಗೆ ಬಂದಾಗ ಎಲ್ಲರೂ ಎದ್ದು ನಿಂತರು. ನಾನೂ ಎದ್ದೆ, ನನ್ನ ಎಡಗಾಲು ಏಳಲಿಲ್ಲ. ಅದು ಜೋಮು ಹಿಡಿದು ಕಟ್ಟಿಗೆಯಾಗಿತ್ತು. ಕಡತಗಳ ಮೇಲೆ ಅಡ್ಡ ಬಿದ್ದ ನನ್ನನ್ನು ನೋಡಿ ಸಾಹೇಬರು ಇಷ್ಟು ಬಗ್ಗಿ ಸಲಾಮು ಮಾಡುವ ಅಗತ್ಯವಿಲ್ಲ ಎಂದರು. ಎರಡನೆಯದು ಮಹಾಗಾಂವದ ಒಬ್ಬ ಮುದುಕನ ಸೊಪ್ಪಿನ ಲೇಪ. ಅದು ಗೆರೆಗಳನ್ನು ಮುಟ್ಟಲಿಲ್ಲ, ಸುತ್ತಲಿನ ಚರ್ಮವನ್ನು ಮಾತ್ರ ಗುಳ್ಳೆ ಎಬ್ಬಿಸಿ ಸುಲಿಯಿತು. ವಾರಗಟ್ಟಲೆ ಕುಂಟಿದೆ. ಖಾನಾವಳಿಗೆ ಬಂದವರೆಲ್ಲ ಊಟಕ್ಕೆ ಮುಂಚೆ ನನ್ನ ಕಾಲಿನ ಯೋಗಕ್ಷೇಮ ಕೇಳುವುದು ರೂಢಿಯಾಯಿತು. ನಾನೂ ಧೋತರ ಎತ್ತಿ ತೋರಿಸುತ್ತಿದ್ದೆ. ಅಕ್ಕ ಸಾರಿನ ಪಾತ್ರೆ ಹಿಡಿದು ಸುಮ್ಮನೆ ದಾಟಿ ಹೋಗುತ್ತಿದ್ದಳು.

ಮೂರನೆಯದಕ್ಕೆ ಮೋಮಿನಪುರದ ಹಕೀಮರ ಬಳಿ ಹೋದೆ. ಅವರ ಅಂಗಡಿಯಲ್ಲಿ ಒಂದು ಗಾಜಿನ ಭರಣಿಯಲ್ಲಿ ಜಿಗಳೆಗಳಿದ್ದವು. ಕೆಟ್ಟ ರಕ್ತವನ್ನು ಅವು ಹೀರುತ್ತವೆ ಎಂದು ಕೇಳಿದ್ದೆ, ಅದಕ್ಕೇ ಹೋದದ್ದು. ಹಕೀಮರು ಬಿಳಿ ಗಡ್ಡದ, ಮೆಲುದನಿಯ ಮನುಷ್ಯ. ನನ್ನ ಕಾಲನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದರು.

“ನೋವು ಅದ ಏನು?”

“ಇಲ್ರೀ.”

“ಸಂಜೀಕ ಕಾಲು ಭಾರ ಆಗ್ತಾವೇನು? ಬಾವು ಬರ್ತದ?”

“ಇಲ್ರೀ.”

“ಮತ್ತೇನ್ ಆಗ್ಯದ ಮಿಯಾಂ? ಇದು ಚರ್ಮದ ಮ್ಯಾಲಿಂದು. ಮೂಗಿನ ಮ್ಯಾಲೆ ಮಚ್ಚಿ ಇದ್ದಂಗ. ದವಾ ಬ್ಯಾಡ, ಜಿಗಳಿನೂ ಬ್ಯಾಡ.”

ನನಗೆ ಅವಮಾನವಾಯಿತು. ಅಷ್ಟು ದೂರದಿಂದ ಕುಂಟಿಕೊಂಡು ಬಂದವನಿಗೆ ಒಂದು ಜಿಗಳೆಯನ್ನೂ ಬಿಡಲಿಲ್ಲವಲ್ಲ! ಅವರು ನನ್ನ ಹೆಸರು, ಮನೆ ಕೇಳಿದರು. ಚೌಕದ ಖಾನಾವಳಿ ಎಂದೆ.

“ಶರಣಮ್ಮನ ತಮ್ಮ ಹೌದೇನು?” ಎಂದು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ಈ ರಗ್ ಉಬ್ಬೋದು ಮನಿತನದಾಗ ಬರ್ತದ. ನಿಮ್ಮ ಮನ್ಯಾಗ ಯಾರಿಗರೆ ಅದ ಏನು?”

“ಯಾರಿಗೂ ಇಲ್ರೀ.”

“ನೋಡೀರೇನು?”

ಅದೆಂಥ ಪ್ರಶ್ನೆ ಎಂದುಕೊಂಡೆ. ಮನೆಯಲ್ಲಿ ಇದ್ದವಳು ಅಕ್ಕ ಒಬ್ಬಳೇ. ಅವಳ ಪಾದಕ್ಕೆ ನಮಸ್ಕಾರ ಮಾಡಿದ್ದೆ. ಸೀರೆಯ ಅಂಚಿನ ಮೇಲೆ ಏನಿದೆ ಎಂದು ತಮ್ಮನಾದವನು ನೋಡುತ್ತಾನೆಯೇ? ಎದ್ದು ಬಂದೆ.

ಅದಾದ ಸ್ವಲ್ಪ ದಿನಕ್ಕೆ ಫೌಜು ಬಂದೇ ಬಂತು. ವಿಮಾನದ ಸದ್ದು ಕೇಳಿ ಎಲ್ಲರೂ ಬಾಗಿಲು ಹಾಕಿಕೊಂಡು ಒಳಗೇ ಉಳಿದೆವು. ಐದಾರು ದಿನಗಳಲ್ಲಿ ನಿಜಾಮರ ಆಡಳಿತ ಮುಗಿದು ಕಚೇರಿಯ ಮೇಲೆ ಬೇರೆ ಬಾವುಟ ಹಾರಿತು. ನಮ್ಮ ಓಣಿಯಲ್ಲಿ ಸಕ್ಕರೆ ಹಂಚಿದರು. ಆದರೆ ಆಮೇಲಿನ ವಾರಗಳು ಮೋಮಿನಪುರದಂಥ ಮುಸಲ್ಮಾನರ ಓಣಿಗಳಿಗೆ ಕೆಟ್ಟವಾಗಿದ್ದವು. ಹಕೀಮರ ಅಂಗಡಿಗೆ ಬೀಗ ಬಿದ್ದಿತ್ತು ಎಂಬುದನ್ನು ಮಾತ್ರ ನಾನು ಕಣ್ಣಾರೆ ಕಂಡೆ, ಉಳಿದದ್ದು ಕೇಳಿದ್ದು. ಊಟಕ್ಕೆ ಬರುವವರೂ ಚೆದುರಿಹೋಗಿದ್ದರು. ಅಕ್ಕ ಒಲೆ ಆರಿಸಿ, “ಸ್ವಲ್ಪ ದಿನ ಊರಿಗೆ ಹೋಗೂಣು ನಡಿ,” ಎಂದಳು. ಕಮಲಾಪುರದ ಮನೆಗೆ ಹೋದೆವು.

ಅಲ್ಲಿ ಒಂದು ಮುಂಜಾನೆ ನಾನು ಅಂಗಳದಲ್ಲಿ ಕೆಂಪು ಬಾಳೆಹಣ್ಣು ಸುಲಿಯುತ್ತ ತಿರುಗಾಡುತ್ತಿದ್ದೆ. ಅಕ್ಕ ಬಾವಿಯಿಂದ ತುಂಬಿದ ಕೊಡ ತಂದು ಇಳಿಸಿದಳು. ಕೊಡದ ಅಂಚು ಅವಳ ಬಲಗಾಲಿಗೆ, ಹಿಮ್ಮಡಿಯಿಂದ ಒಂದು ಗೇಣು ಮೇಲೆ ತಗುಲಿತು. ಅಷ್ಟೇ. ಮರುಕ್ಷಣ ಸೀರೆಯ ಅಂಚು ಕೆಂಪಾಯಿತು. ಕಲ್ಲುಹಾಸಿನ ಮೇಲೆ ರಕ್ತ ಚಿಮ್ಮಿತು. ಹನಿಯಾಗಿ ಅಲ್ಲ, ಸಣ್ಣ ಕಾರಂಜಿಯ ಹಾಗೆ.

ನಾನು ಏನು ಮಾಡಿದೆ ಎಂದು ಹೇಳಲು ಈಗಲೂ ನಾಚಿಕೆ. ಓಡಿದೆ. ಬೀದಿಗೆ ಓಡಿದೆ, ಬೀದಿಯಲ್ಲಿ ಯಾರೂ ಇರಲಿಲ್ಲ. ಒಳಗೆ ಓಡಿ ಬಂದೆ, ಯಾಕೆ ಬಂದೆನೋ ತಿಳಿಯದೆ ಮತ್ತೆ ಬಾಗಿಲಿಗೆ ಓಡಿದೆ. ಅಷ್ಟರಲ್ಲಿ ಅಕ್ಕ ಪಡಸಾಲೆಯ ನೆಲದ ಮೇಲೆ ಅಂಗಾತ ಮಲಗಿ, ಆ ಕಾಲನ್ನು ಜೋಳದ ಚೀಲದ ಮೇಲೆ ಎತ್ತಿ ಇಟ್ಟಿದ್ದಳು.

“ಏ, ಓಡ್ಯಾಡಬ್ಯಾಡ!” ಎಂದಳು. ಖಾನಾವಳಿಯಲ್ಲಿ ಸಾಲಿನ ತುದಿಗೆ ಕೇಳಿಸುವ ಅದೇ ದನಿ. “ಕೂಡಿಲ್ಲಿ. ಆ ವಸ್ತ್ರ ಮಡಚಿ ಇದರ ಮ್ಯಾಲೆ ಇಡು. ಗಟ್ಟಿ ಒತ್ತಿ ಹಿಡಿ. ತೆಗೆದ್ ತೆಗೆದ್ ನೋಡಬ್ಯಾಡ.”

ಕುಳಿತೆ. ಒತ್ತಿದೆ. ಕೈಯ ಕೆಳಗೆ ಬಿಸಿಯಾಗಿ ಒದ್ದೆಯಾಗುತ್ತಿದ್ದದ್ದು ಸ್ವಲ್ಪ ಸ್ವಲ್ಪವೇ ನಿಂತಿತು. ಆದರೂ ಕೈ ತೆಗೆಯಲು ಅವಳು ಬಿಡಲಿಲ್ಲ. ಅರ್ಧ ತಾಸು ನಾನು ಅಲುಗಾಡದೆ ಕೂತಿದ್ದೆ. ಕಚೇರಿಯ ಕುರ್ಚಿ ಬಿಟ್ಟರೆ ಆ ವರ್ಷದಲ್ಲೆಲ್ಲ ನಾನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ಅದೇ ಮೊದಲು. ಆಗ ಅವಳ ಕಾಲು ನೋಡಿದೆ. ಹಿಮ್ಮಡಿಯ ಸುತ್ತ ಚರ್ಮ ಕಪ್ಪಿಟ್ಟು ಒಣಗಿತ್ತು. ಅಲ್ಲಿಂದ ಮಂಡಿ ದಾಟಿ ಮೇಲಿನವರೆಗೆ ನರಗಳು ಹಗ್ಗದಂತೆ ಉಬ್ಬಿ, ಸುತ್ತಿ, ಗಂಟುಗಂಟಾಗಿ ನಿಂತಿದ್ದವು. ನನ್ನ ಎಳೆಗಳ ನೆನಪಾಗಿ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

“ಎಷ್ಟ್ ದಿನದಿಂದ ಅದ ಅಕ್ಕಾ?”

“ಹತ್ತ್ ವರ್ಷ ಆಗಿರಬೇಕು.”

“ನನಗ್ಯಾಕ ಹೇಳಲಿಲ್ಲ?”

“ನಿಂದು ಒಂದ್ ಕಾಲಿನ ಸುದ್ದಿನೇ ಊರ ತುಂಬ ಆಗಿತ್ತು,” ಎಂದಳು. “ಒಂದ್ ಮನ್ಯಾಗ ಎಷ್ಟ್ ಕಾಲು ನೋಡಬೇಕು ಮಂದಿ?”

ನಾನು ನಗಲು ಹೋಗಿ ಅತ್ತುಬಿಟ್ಟೆ. ಉಬ್ಬಿದ ನರ ಒಡೆದರೆ ಹೀಗೆ ಮಲಗಬೇಕು, ಕಾಲು ಎತ್ತಬೇಕು, ಒತ್ತಬೇಕು ಎಂದು ನಿನಗೆ ಯಾರು ಹೇಳಿದರು ಎಂದು ಕೇಳಿದೆ. ಮೋಮಿನಪುರದ ಹಕೀಮರು ಎಂದಳು. ಹೋದ ವರ್ಷ ಒಬ್ಬಳೇ ಹೋಗಿ ಬಂದಿದ್ದಳಂತೆ. ಅವರ ಬೀಬಿ ಒಳಗೆ ಕರೆದು ಕಾಲು ನೋಡಿ ಪರದೆಯಾಚೆಗೆ ಗಂಡನಿಗೆ ವಿವರಿಸಿದ್ದರಂತೆ. ತಮ್ಮನಿಗೆ ಹೇಳಬೇಡಿ ಎಂದು ಇವಳೇ ಕೇಳಿಕೊಂಡಿದ್ದಳು. ಅವರು ಹೇಳಲಿಲ್ಲ, ನೋಡು ಎಂದು ಮಾತ್ರ ನನಗೆ ಸೂಚಿಸಿದ್ದರು. ನಾನು ಎದ್ದು ಬಂದಿದ್ದೆ.

ಮರುದಿನ ಕಾಲಿಗೆ ಪಟ್ಟಿ ಸುತ್ತಿ ಗಾಡಿಯಲ್ಲಿ ಮಲಗಿಸಿಕೊಂಡು ಕಲಬುರ್ಗಿಯ ದವಾಖಾನೆಗೆ ಕರೆತಂದೆ. ಅಲ್ಲಿನ ಡಾಕ್ಟರು ವಯಸ್ಸಾದವರು, ಮಾತು ನಿಧಾನ. ನರದೊಳಗೆ ಸಣ್ಣ ಸಣ್ಣ ಬಾಗಿಲುಗಳಿರುತ್ತವೆ, ರಕ್ತ ಮೇಲೆ ಹೋದ ಮೇಲೆ ಅವು ಮುಚ್ಚಿಕೊಳ್ಳಬೇಕು, ಸಡಿಲಾದರೆ ರಕ್ತ ಕೆಳಗೇ ನಿಂತು ನರ ಉಬ್ಬುತ್ತದೆ ಎಂದು ವಿವರಿಸಿದರು.

“ಪಟ್ಟಿ ಕಟ್ಟಿಕೊಂಡು, ಕಾಲು ಎತ್ತರ ಇಟ್ಟು ದಿನ ದೂಡಬಹುದು,” ಎಂದರು. “ಸೂಜಿ ಹಾಕಿ ನರ ಒಣಗಿಸೋದೂ ಅದ. ಇಷ್ಟ್ ದಪ್ಪ ನರಕ್ಕ ಅದು ಬಹಳ ದಿನ ತಡೆಯಂಗಿಲ್ಲ. ಹೈದರಾಬಾದಿಗೆ ಹೋದ್ರ ತೊಡಿ ಸಂದಿನ್ಯಾಗ ಗಂಟು ಹಾಕಿ, ಕೆಟ್ಟ ನರ ಎಳೆದು ತೆಗೀತಾರ.”

“ಎಳೆದ್ ತೆಗೆದ್ರ ರಗತ ಯಾವ ಹಾದಿ ಹಿಡೀಬೇಕ್ರಿ?” ಅಕ್ಕ ಕೇಳಿದಳು.

“ಒಳಗ ದೊಡ್ಡ ನರ ಅವ ತಾಯಿ. ಅವು ನಡಸ್ತಾವ.”

“ಯಾವುದ್ರಾಗ ಜಲ್ದಿ ನಿಂತು ಬಡಸಬಹುದು?”

ಡಾಕ್ಟರು ನಕ್ಕರು. ಅಕ್ಕ ನಗಲಿಲ್ಲ. ಅವಳಿಗೆ ಅದೇ ಮುಖ್ಯ ಪ್ರಶ್ನೆ. ಆಪರೇಷನ್ನೇ ಆಗಲಿ ಎಂದು ಅವಳೇ ನಿಶ್ಚಯಿಸಿದಳು. ನಾನು ಬೇಡ ಎಂದೆ, ಪಟ್ಟಿ ಸಾಕು ಎಂದೆ, ಇನ್ನೊಬ್ಬರನ್ನು ಕೇಳೋಣ ಎಂದೆ. “ನಿನ್ನ ಕಾಲಿಗೆ ನೀ ಊರ ಮಂದೀನೆಲ್ಲ ಕೇಳಿದಿ. ನನ್ನ ಕಾಲು ನಾ ಕೇಳ್ತೀನಿ,” ಎಂದಳು.

ಹೈದರಾಬಾದಿನ ದವಾಖಾನೆಯ ವರಾಂಡದಲ್ಲಿ ಅಂದು ನಾನು ನಡೆದಷ್ಟು ಬೇರೆಂದೂ ನಡೆದಿಲ್ಲ. ಕೊನೆಗೆ ಒಬ್ಬ ನರ್ಸಮ್ಮ ಕುರ್ಚಿ ತೋರಿಸಿ ಗದರಿಸಿದಳು. ಕುಳಿತೆ, ಅವಳು ತಿರುಗಿದ ಕೂಡಲೇ ಎದ್ದೆ. ಅಕ್ಕ ಹೊರಗೆ ಬಂದಾಗ ಬಿಳಿಚಿಕೊಂಡಿದ್ದಳು, ಜೀವಂತವಾಗಿದ್ದಳು. ಎರಡು ವಾರಕ್ಕೆ ಕಲಬುರ್ಗಿಗೆ ಬಂದೆವು. ಕಾಲಿನ ಮೇಲೆ ಅಲ್ಲಲ್ಲಿ ಸಣ್ಣ ಹೊಲಿಗೆಯ ಗುರುತುಗಳು, ಅಷ್ಟೇ. ಎಷ್ಟೋ ವರ್ಷದ ಮೇಲೆ ಒಂದೆರಡು ನರ ಮತ್ತೆ ಮೇಲೆದ್ದವು, ಅವು ಅವಳನ್ನು ಕಾಡಲಿಲ್ಲ. ಈಗ ಇದಕ್ಕೆಲ್ಲ ಕೊಯ್ಯುವುದೇ ಇಲ್ಲವಂತೆ, ಬೆಳಕಿನ ಎಳೆ ತೂರಿಸಿ ಒಳಗೇ ಸುಟ್ಟುಬಿಡುತ್ತಾರಂತೆ.

ಈಗ ನೋಡಿದೆ ಎಂದು ಹಕೀಮರಿಗೆ ಹೇಳಲು ಮೋಮಿನಪುರಕ್ಕೆ ನಾಲ್ಕು ಸಲ ಹೋದೆ. ಬೀಗ ಹಾಗೇ ಇತ್ತು. ಮಗಳ ಮನೆಗೆ ಹೋದರು ಎಂದು ಪಕ್ಕದ ಅಂಗಡಿಯವನು ಹೇಳಿದ. ಯಾವ ಊರೆಂದು ಅವನಿಗೂ ಗೊತ್ತಿರಲಿಲ್ಲ. ಹೇಳಬೇಕಿದ್ದ ಆ ಮಾತು ನನ್ನೊಳಗೇ ಉಳಿದುಬಿಟ್ಟಿದೆ. ಇಂದಿಗೂ ಒಮ್ಮೊಮ್ಮೆ ಎದ್ದು ತಿರುಗಾಡಿಸುತ್ತದೆ.

ಖಾನಾವಳಿಯ ಒಲೆ ಮತ್ತೆ ಹೊತ್ತಿತು; ಮೊದಲ ಒಂದು ತಿಂಗಳು ಬಡಿಸಿದವನು ನಾನು. ಕಚೇರಿ ಮುಗಿಸಿ ಬಂದು ಸಾರಿನ ಪಾತ್ರೆ ಹಿಡಿಯುತ್ತಿದ್ದೆ. ಒಲೆಯಿಂದ ಸಾಲಿನ ತುದಿಗೆ, ತುದಿಯಿಂದ ಒಲೆಗೆ. ಒಬ್ಬನಿಗೆ ಪಲ್ಯ, ಒಬ್ಬನಿಗೆ ಮಜ್ಜಿಗೆ, ಒಬ್ಬನಿಗೆ ಬರೀ ಮಾತು. ಹಕೀಮರು ಕೇಳಿದ್ದ ‘ಸಂಜೆ ಕಾಲು ಭಾರ’ ಎಂದರೇನೆಂದು ಎರಡನೆಯ ದಿನವೇ ತಿಳಿಯಿತು.

ಮಲಗೇ ಇರಬಾರದು, ದಿನಾ ನಡೆಯಬೇಕು ಎಂದು ಡಾಕ್ಟರು ಅಕ್ಕನಿಗೆ ಹೇಳಿ ಕಳಿಸಿದ್ದರು. ಒಂದು ಮುಂಜಾನೆ ಅವಳನ್ನು ಕೋಟೆಯ ಕಡೆಗೆ ಹೊರಡಿಸಿದೆ. ಅಕ್ಕ ಅಭ್ಯಾಸದಂತೆ ಒಂದು ಚೀಲ ಹಿಡಿದುಕೊಂಡಳು. ಚೀಲ ಬೇಡ ಎಂದೆ. ನಾಲ್ಕು ಹೆಜ್ಜೆ ನಡೆದು ನಿಂತಳು.

“ಎಲ್ಲಿಗಿ ಹೊಂಟೀವಿ?”

“ಎಲ್ಲಿಗೂ ಇಲ್ಲ ಅಕ್ಕಾ. ಸುಮ್ಮ ನಡೆಯೋದು.”

“ಏನೂ ತರೋದಿಲ್ಲ?”

“ಏನೂ ಇಲ್ಲ.”

ಅವಳು ಒಂದು ಕ್ಷಣ ಖಾಲಿ ಕೈಗಳನ್ನು ನೋಡಿಕೊಂಡಳು. ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಳು. ನಲವತ್ತರ ಹತ್ತಿರ ಬಂದಿದ್ದ ನನ್ನ ಅಕ್ಕ ಆ ಕಾಲುಗಳ ಮೇಲೆ ಏನನ್ನೂ ಹೊರದೆ, ಯಾರಿಗೂ ಬಡಿಸದೆ ಎಂದಾದರೂ ನಡೆದಿದ್ದಳೇ ಎಂದು ಯೋಚಿಸಿದೆ; ನನಗೆ ನೆನಪಾಗಲಿಲ್ಲ. ಕೋಟೆಯ ಬಾಗಿಲ ತನಕ ಹೋಗಿ, “ಇನ್ನ ತಿರುಗೂಣು, ದಣಿತಿ,” ಎಂದೆ.

ಅವಳು ನಿಲ್ಲಲಿಲ್ಲ. “ನೀ ಬೇಕಾದ್ರ ಕೂಡು,” ಎಂದು ಮುಂದೆ ನಡೆದಳು.