ಸ್ಕಿಫಲ್ ತಂಡ ಏಳಲೇ ಇಲ್ಲ

"ಸ್ಕಿಫಲ್ ತಂಡದವರು ವೇದಿಕೆಗೆ ಬರಬೇಕು" ಎಂದು ಮೂರನೇ ಸಲ ಕರೆದರೂ ಯಾರೂ ಏಳಲಿಲ್ಲ. ಕುವೈತಿನ ನಮ್ಮ ಕನ್ನಡ ಸಂಘದ ಕಾರ್ಯಕ್ರಮವದು. ಪಟ್ಟಿ ಬರೆದವನು ನಾನೇ. ಏಳಬೇಕಾಗಿದ್ದ ಫೆಲಿಕ್ಸ್ ಮತ್ತು ಅವನ ಇಬ್ಬರು ಗೆಳೆಯರು ಮೂರನೇ ಸಾಲಿನಲ್ಲಿ ಕುಳಿತು, ಬರಲಿರುವ ಆ ತಂಡಕ್ಕೆ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಮೂವರೂ ಇಲ್ಲಿನ ರಾಯ್ ಎಂಬ ಕೈಗಾರಿಕಾ ಪ್ರದೇಶದ ಗ್ಯಾರೇಜೊಂದರಲ್ಲಿ ಕೆಲಸಕ್ಕಿರುವ ಮಂಗಳೂರಿನವರು. ಪೇಂಟ್ ಡಬ್ಬ, ಸ್ಪಾನರ್, ಪೊರಕೆ ಕೋಲಿಗೆ ಬಿಗಿದ ತಂತಿ, ಇವೇ ಅವರ ವಾದ್ಯಗಳು. ಹೆಸರು ಕೊಡಲು ಬಂದಾಗ, ಇದು ಯಾವ ಪ್ರಕಾರದ ಸಂಗೀತ ಎಂದು ಕೇಳಿದ್ದೆ.

"ರಜೆ ದಿನ ಬಾರಿಸುದಲ್ವಾ ಸಾರ್, ನಾವು ಇದಕ್ಕೆ ಶುಕ್ರವಾರ ಅಂತ ಹೇಳುದು" ಎಂದಿದ್ದ ಫೆಲಿಕ್ಸ್.

ಹಾಗೆ ಬರೆಯಲು ನನಗೆ ನಾಚಿಕೆ. ಕೈಗೆ ಸಿಕ್ಕ ಸಾಮಾನು ಬಾರಿಸಿ ಹಾಡುವುದಕ್ಕೆ ಇಂಗ್ಲೆಂಡಿನಲ್ಲಿ ಸ್ಕಿಫಲ್ ಎನ್ನುತ್ತಾರೆಂದು ಎಲ್ಲೋ ಓದಿದ್ದೆ. ಅವನಿಗೆ ಹೇಳದೆ ಅದನ್ನೇ ಬರೆದಿದ್ದೆ.

ಈಗ ಓಡಿಹೋಗಿ, "ಏಳು ಮಾರಾಯ, ಸ್ಕಿಫಲ್ ಅಂದ್ರೆ ನೀವೇ!" ಎಂದೆ.

"ಅಯ್ಯೋ ಸಾರ್, ಅದೆಲ್ಲ ನಮಗೆ ಬರುದಿಲ್ಲ!" ಎಂದು ಅವನು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಕೊನೆಗೆ ನಾನೇ ಮೈಕ್ ಹಿಡಿದು "ಈಗ ಶುಕ್ರವಾರ" ಎಂದೆ. ಮೂವರೂ ಡಬ್ಬ ಸಮೇತ ಓಡಿ ಬಂದರು.

ಈಗ ಸಂಘದ ಅರ್ಜಿಯಲ್ಲಿ ಭಾವಗೀತೆ, ಜಾನಪದಗಳ ಕೆಳಗೆ ಶುಕ್ರವಾರವೂ ಇದೆ. ತಮ್ಮ ರಜೆ ಶನಿವಾರ, ತಾವೂ ಶುಕ್ರವಾರ ಹಾಡಬಹುದೇ ಎಂದು ಮೀನಾ ಅಬ್ದುಲ್ಲಾ ಎಂಬ ಊರಿನ ತಂಡವೊಂದು ಕೇಳಿದೆ. ಉತ್ತರ ಕೊಡಲು ಈ ಸಲ ಫೆಲಿಕ್ಸ್‌ನನ್ನೇ ಕೇಳಬೇಕು.