ಮಾಯಾಳ ದನಿ ಇದ್ದ ಕಂಪ್ಯೂಟರ್

ಸುಮಂಗಲಾಬಾಯಿ ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಪುಣೆಯ ಶಿವಾಜಿನಗರದ ಕೋರ್ಟಿನ ಎದುರು ವಕೀಲರೊಬ್ಬರ ಆಫೀಸಿನಲ್ಲಿ ಅರ್ಧ ಆಯುಷ್ಯ ಟೈಪಿಂಗ್ ಮಾಡಿದವರು. ಕನ್ನಡದ ಖರೇದಿಪತ್ರಗಳನ್ನು ಮರಾಠಿಗೆ ಇಳಿಸುತ್ತ, ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಟೋಪಿ ಹಾಕುವುದನ್ನು ದಿನವೂ ಕಂಡವರು. ತರಕಾರಿಯವಳು ತೂಗುವಾಗ ತಕ್ಕಡಿಯಿಂದ ಕಣ್ಣು ತೆಗೆಯುವುದಿಲ್ಲ. ಕೆಳಗಿನ ಮನೆಯವಳಾದ ನಾನು ಎಂದೋ ಒಂದು ಬಟ್ಟಲು ಸಕ್ಕರೆ ಮರಳಿಸಲು ಮರೆತದ್ದಕ್ಕೆ ಇವತ್ತಿಗೂ ಅವರಿಂದ ಅನ್ನಿಸಿಕೊಳ್ಳುತ್ತೇನೆ. ಅಂಥವರು ಇಂದೂನನ್ನು ಮಾತ್ರ ಕಣ್ಣು ಮುಚ್ಚಿ ನಂಬಿದರು. ಇಂದೂ ಅವರ ಧಾರವಾಡದ ತಂಗಿಯ ಮಗಳು, ಕಾಲೇಜಿಗೆಂದು ಪುಣೆಗೆ ಬಂದು ಇವರ ಮನೆಯಲ್ಲೇ ಉಂಡು ಬೆಳೆದವಳು.

ಅವಳೀಗ ಮಕ್ಕಳ ಹಕ್ಕುಗಳ ಸಂಸ್ಥೆಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾಳೆ. ಕಟ್ಟಡ ಕೂಲಿಗಳ ಮಕ್ಕಳಿಗೆ ಕಲಿಯಲು ಚಿಕ್ಕ ಕಂಪ್ಯೂಟರುಗಳನ್ನು ಕೊಡುವುದು, ಅದರಲ್ಲಿ ಅವರ ಹಕ್ಕುಗಳನ್ನು ಮರಾಠಿ, ಹಿಂದಿ, ತೆಲುಗು, ಕನ್ನಡದಲ್ಲಿ ತುಂಬುವುದು ಸಂಸ್ಥೆಯ ಯೋಜನೆ. ಓದು ಬಾರದ ಮಗು ಚಿತ್ರ ಒತ್ತಿದರೆ ಸಾಕು, ತನ್ನ ಮಾತಿನಲ್ಲೇ ಕೇಳಿಸಬೇಕು. ಕನ್ನಡದ ಕೆಲಸವನ್ನು ಇಂದೂ ತನ್ನ ಮಾವಶಿಗೆ, ಅಂದರೆ ಈ ದೊಡ್ಡಮ್ಮನಿಗೆ, ಒಪ್ಪಿಸಿದಳು. ನಿವೃತ್ತಿಯಾಗಿ ಬೇಸತ್ತು ಕೂತಿದ್ದ ಸುಮಂಗಲಾಬಾಯಿ ಸೆರಗು ಸಿಕ್ಕಿಸಿಕೊಂಡು ಎದ್ದರು.

ಪುಣೆಯ ಕೊಂಢವಾ ಬಡಾವಣೆಯಲ್ಲಿ ಕಟ್ಟಡ ಏಳುತ್ತಿದ್ದ ಒಂದು ಸೈಟಿನಲ್ಲಿ ಯಾದಗಿರಿ ಕಡೆಯ ಕುಟುಂಬಗಳು ತಗಡಿನ ಪತ್ರಾಸಿನ ಶೆಡ್ಡುಗಳಲ್ಲಿದ್ದವು. ಮೊದಮೊದಲು ಯಾರೂ ಇವರೊಡನೆ ಬಾಯಿ ಬಿಡಲಿಲ್ಲ. ಶುದ್ಧ ಕನ್ನಡದಲ್ಲಿ 'ಆರ್ಥಿಕ ಶೋಷಣೆಯಿಂದ ರಕ್ಷಣೆ' ಎಂದು ಓದಿದರೆ ಮಕ್ಕಳು ಪಿಳಿಪಿಳಿ ನೋಡಿದವು. ಇವರು ಹಟ ಬಿಡದೆ ದಿನವೂ ಹೋಗಿ ಕೂತರು. ಕೊನೆಗೆ ಗಾರೆ ಹೊರುವ ಸಾಬವ್ವ ಒಂದು ಶುಕ್ರವಾರ ಅವರನ್ನು ಒಳಗೆ ಕರೆದು, ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ ಇಟ್ಟು ಉಡಿ ತುಂಬಿದಳು. ಉಡಿ ತುಂಬಿದ ಮೇಲೆ ಮನೆಮಗಳು, ಮನೆಮಗಳೆದುರು ಮುಚ್ಚಿಡುವುದೇನು? ಅಂದಿನಿಂದ ಇಡೀ ಶೆಡ್ಡು ಮಾತಾಡಿತು.

ಒಂದೊಂದು ಹಕ್ಕಿನ ಕೆಳಗೂ ಒಂದು ಮಗುವಿನ ಸ್ವಂತ ಮಾತು ಇರಲಿ ಎಂದಿದ್ದಳು ಇಂದೂ. 'ಮಕ್ಕಳ ಕೈಲಿ ದೊಡ್ಡವರ ದುಡಿತ ಮಾಡಿಸಬಾರದು' ಎಂಬುದಕ್ಕೆ ಸಾಬವ್ವನ ಮಗಳು ಮಾಯಾ ಮಾತಾಡಿದಳು. ಈ ಮಕ್ಕಳಿಗೊಂದು ರೂಢಿಯಿದೆ. ಯಾರು ನೀನು ಎಂದರೆ ಹೆಸರು, ಊರು, ಯಾವ ಮುಕಾದಮನ ಗ್ಯಾಂಗು ಎಂದು ಒಂದೇ ಉಸಿರಿಗೆ ಹೇಳುತ್ತವೆ. ಮುಕಾದಮನೆಂದರೆ ಊರಿಂದ ಜನರನ್ನು ಕರೆತಂದು ಕೆಲಸಕ್ಕೆ ಹಚ್ಚುವವನು. ಸೈಟಿನಲ್ಲಿ ಮಗು ಕಳೆದುಹೋದರೆ ಯಾರಾದರೂ ತಂದು ಮುಟ್ಟಿಸಲಿ ಎಂದು ತಾಯಂದಿರು ಮಾತು ಬಂದ ಕೂಡಲೇ ಇದನ್ನು ಬಾಯಿಪಾಠ ಮಾಡಿಸಿರುತ್ತಾರೆ.

"ನಾ ಮಾಯಾ. ಯಾದಗಿರಿ ಕಡಿಯಾಕಿ. ಧರ್ಮರಾಜ ಮುಕಾದಮನ ಗ್ಯಾಂಗು. ಮುಂಜಾನಿಂದ ಇಟ್ಟಂಗಿ ಹೊರ್ತೀನಿ. ಮ್ಯಾಲ ಹತ್ತಿದ್ರ ಸಾಲಿ ಕಾಣತದ."

ಕೇಳುತ್ತಿದ್ದ ಸಾಬವ್ವ ಹೆದರಿ ಹತ್ತಿರ ಬಂದಳು. ಮುಕಾದಮನ ಕಿವಿಗೆ ಬಿದ್ದರೆ ನಮ್ಮ ಗತಿ ಏನೆಂದು ಕೇಳಿದಳು. ಸುಮಂಗಲಾಬಾಯಿ ಅವಳ ಕೈ ಹಿಡಿದು ಹೇಳಿದರಂತೆ: "ಹೆಸರು, ಊರು, ಗ್ಯಾಂಗು ಎಲ್ಲಾ ತಗಸ್ತೀನಿ. ನನ್ನ ಮಾತಿನ ಮ್ಯಾಲ ನಂಬಿಕಿ ಇಡು, ಸಾಬವ್ವಾ." ಅದೇ ಸಂಜೆ ಇಂದೂಗೆ ಫೋನ್ ಮಾಡಿದರು. ಅವಳು ಮನೆಗೆ ಬಂದಾಗ ಬಿಸಿ ರೊಟ್ಟಿ ಬಡಿಸುತ್ತ ಮತ್ತೆ ಹೇಳಿದರು. ನಾನು ಅಲ್ಲೇ ಇದ್ದೆ. ಆತು ಮಾವಶಿ, ತಗಸ್ತೀನಿ ಎಂದು ಅವಳು ಬಾಯಿತುಂಬ ಒಪ್ಪಿದ್ದನ್ನು ನಾನೇ ಕೇಳಿದ್ದೇನೆ.

ಉದ್ಘಾಟನೆ ಸೈಟಿನಲ್ಲೇ ನಡೆಯಿತು. ಮಂಟಪ, ಹಾರ, ಬಿಲ್ಡರನ ಕಡೆಯವರು, ಎಲ್ಲ ಇತ್ತು. ವೇದಿಕೆಯಲ್ಲಿ ಇಂದೂ ಕಂಪ್ಯೂಟರಿನ ಮೇಲಿನ ಚಿತ್ರ ಒತ್ತಿದಳು. ಧ್ವನಿವರ್ಧಕದಲ್ಲಿ ಮಾಯಾಳ ದನಿ ಬಂತು: ಹೆಸರು, ಊರು, ಧರ್ಮರಾಜ ಮುಕಾದಮನ ಗ್ಯಾಂಗು, ಇಟ್ಟಂಗಿ, ಒಂದೂ ಬಿಡದೆ. ಮುಂದಿನ ಸಾಲಿನಲ್ಲಿದ್ದ ಮಾಯಾ ಹಿಗ್ಗಿ ಹೀರೇಕಾಯಿಯಾಗಿ ಅವ್ವನ ಕಡೆ ತಿರುಗಿ ನಕ್ಕಳು. ಕನ್ನಡ ಬಾರದ ಅತಿಥಿಗಳು ಚಪ್ಪಾಳೆ ತಟ್ಟಿದರು. ಬಿಲ್ಡರನ ಇಂಜಿನಿಯರ್ ಮಾತ್ರ ಅರ್ಥ ಕೇಳಿ ತಿಳಿದುಕೊಂಡು ಧರ್ಮರಾಜನನ್ನು ಪಕ್ಕಕ್ಕೆ ಕರೆದ.

ಮರುದಿನ ಸುಮಂಗಲಾಬಾಯಿ ಸೈಟಿಗೆ ಹೋದಾಗ ಸಾಬವ್ವನ ಶೆಡ್ಡಿನ ಪತ್ರಾಸು ಬಿಚ್ಚಿಯಾಗಿತ್ತು. ಮಗಳಿಗೆ ಬಾಯಿ ಕಲಿಸಿದವರು ನನ್ನ ಗ್ಯಾಂಗಿಗೆ ಬೇಡ ಎಂದು ಧರ್ಮರಾಜ ಅವರನ್ನು ಹೊರಹಾಕಿದ್ದ. ಮಿಕ್ಕ ಮಕ್ಕಳು ಎಂದಿನಂತೆ ಇಟ್ಟಂಗಿ ಹೊರುತ್ತಿದ್ದವು.

ಸುಮಂಗಲಾಬಾಯಿ ನೆಟ್ಟಗೆ ಇಂದೂನ ಆಫೀಸಿಗೆ ಹೋದರು. ಮರೆತುಹೋಯಿತು ಎನ್ನುತ್ತಾಳೆ, ಕಾಲಿಗೆ ಬೀಳುತ್ತಾಳೆ ಎಂದುಕೊಂಡಿದ್ದರು. ಇಂದೂ ಮರೆತಿರಲಿಲ್ಲ.

"ಹೆಸರು, ಊರು ತಗದ್ರ ಅದರಾಗ ಜೀವ ಎಲ್ಲಿ ಉಳಿತದ, ಮಾವಶಿ? ಆಫೀಸಿನವ್ರು ಎಲ್ಲಾರೂ ಕೂಡಿ ಕೇಳೇ ಇಡಬೇಕಂತ ಮಾಡಿದ್ವಿ. ನಿಮಗ ಹೇಳಿದ್ರ ನೀವು ಒಪ್ತಿರಲಿಲ್ಲ."

ಆ ದನಿಯನ್ನಾದರೂ ತೆಗೆ ಎಂದರೆ, ಕಂಪ್ಯೂಟರುಗಳು ಆಗಲೇ ಬೇರೆ ಬೇರೆ ಸೈಟುಗಳಿಗೆ ಹೋಗಿಬಿಟ್ಟಿವೆ ಎಂದಳು. ಗೊತ್ತಿದ್ದೂ ಮಾಡಿದ್ದಳು, ಉಂಡ ಮನೆಯಲ್ಲೇ ಕೂತು ಸುಳ್ಳು ಹೇಳಿದ್ದಳು. ಮಗುವಿನ ಹಕ್ಕನ್ನು ನಾಲ್ಕು ಭಾಷೆಯಲ್ಲಿ ಹೇಳಬಲ್ಲವಳಿಗೆ ಒಂದು ಮಗುವಿಗಾಗಿ ಕೊಟ್ಟ ಮಾತು ಉಳಿಸಲಾಗಲಿಲ್ಲ. ನನಗೆ ಅವಳ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಕಿಲ್ಲ. ಅಂದು ಸುಮಂಗಲಾಬಾಯಿ ನಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತರು. ಬೇರೆಯವರಾಗಿದ್ದರೆ ಕೋರ್ಟಿಗೆ ಎಳೆಯುತ್ತಿದ್ದೆ, ಇವಳನ್ನು ಏನು ಮಾಡಲಿ ಎಂದರು.

ಆಮೇಲೆ ಅವರಿಗೆ ಒಂದೇ ಹುಚ್ಚು, ಸಾಬವ್ವನನ್ನು ಹುಡುಕಬೇಕು, ಮಾಯಾಳನ್ನು ಶಾಲೆಗೆ ಸೇರಿಸಬೇಕು. ಅವರಿವರನ್ನು ಕೇಳಿ ಕೇಳಿ, ಮಳೆಗಾಲ ಮುಗಿಯುವ ಹೊತ್ತಿಗೆ ಮಾರ್ಕೆಟ್ ಯಾರ್ಡಿನಲ್ಲಿ ಸುಳಿವು ಸಿಕ್ಕಿತು. ನಾನೂ ಜೊತೆಗೆ ಹೋದೆ. ತಾಯಿ ಮಗಳು ಉಳ್ಳಾಗಡ್ಡಿಯ ರಾಶಿಯಲ್ಲಿ ಕೊಳೆತದ್ದನ್ನು ಆರಿಸುತ್ತಿದ್ದರು. ಅವ್ವಣ್ಣ, ಸಾಬವ್ವನ ಗಂಡ, ಚೀಲ ಹೊರಲು ಹೋಗಿದ್ದ. ಸಾಬವ್ವ ಗೋಣಿಚೀಲ ಹಾಸಿ ಕೂರಿಸಿದಳು, ನೀರು ಕೊಟ್ಟಳು. ಸುಮಂಗಲಾಬಾಯಿ ಎಷ್ಟು ಕರೆದರೂ ಮಾಯಾ ಅವ್ವನ ಮುಖ ನೋಡಿ ಮತ್ತೆ ತಲೆ ತಗ್ಗಿಸಿದಳು.

ಇಲ್ಲೇ ಹತ್ತಿರ ಶಾಲೆಯಿದೆ, ಹೆಸರು ಹಚ್ಚಲು ನಾನೇ ಕರೆದುಕೊಂಡು ಹೋಗುತ್ತೇನೆ, ದಿನವೂ ಬಂದು ನೋಡಿಕೊಳ್ಳುತ್ತೇನೆ ಎಂದು ಸುಮಂಗಲಾಬಾಯಿ ಒಂದೇ ಸಮನೆ ಹೇಳಿದರು. ಸಾಬವ್ವ ಕೈಕೆಲಸ ನಿಲ್ಲಿಸದೆ ಪೂರ್ತಿ ಕೇಳಿದಳು.

"ನೀವು ಕೆಟ್ಟವರಂತ ನಾ ಅನ್ನೂದಿಲ್ರಿ, ಅಕ್ಕಾ," ಎಂದಳು. "ಆದ್ರ ಇನ್ನ ಬರಬ್ಯಾಡ್ರಿ. ನಮಗ ಇದೊಂದ ಜಾಗಾ ಉಳದದ."